ಗಜಕರ್ಣವೂ ಅದರ ಮುಲಾಮೂ

ಕಳೆದ ವರ್ಷದ ಮಳೆಗಾಲದಲ್ಲಿ ಎಂಟನೆಯ ಇಯತ್ತೆಯ ಬಾಲಕನೊಬ್ಬನು ಕವಾಯತಿನ ತಾಸಿಗೆ ಬರುವುದನ್ನೇ ನಿಲ್ಲಿಸಿದನು. ಕಾರಣ ಕೇಳಿದರೆ ಒಂದು ದಿನ ಹೊಟ್ಟೆನೋವು, ಇನ್ನೊಂದು ದಿನ ಕಾಲುನೋವು. ತರಗತಿಯಲ್ಲಿಯೂ ಅವನು ಒಂದೆಡೆ ನೆಮ್ಮದಿಯಿಂದ ಕುಳಿತಿರಲಾರನು. ಕೊನೆಗೆ ಅವನ ತಾಯಿಯವರನ್ನು ಕರೆಸಿ ವಿಚಾರಿಸಿದಾಗ ನಿಜಸಂಗತಿ ತಿಳಿಯಿತು. ನಾಲ್ಕು ತಿಂಗಳಿಂದ ಅವನ ಸೊಂಟದ ಸುತ್ತಲೂ ತೊಡೆಯ ಸಂದಿನಲ್ಲಿಯೂ ಗಜಕರ್ಣವೆದ್ದಿತ್ತು. ಗೆಳೆಯರು ಕಂಡು ನಕ್ಕಾರು, ಪಕ್ಕದಲ್ಲಿ ಕೂರಿಸಿಕೊಳ್ಳಲಾರರು ಎಂಬ ಹೆದರಿಕೆಯಿಂದ ಅವನು ಯಾರಿಗೂ ಹೇಳಿರಲಿಲ್ಲ. "ಅಂಗಡಿಯವರು ಕೊಟ್ಟ ಟ್ಯೂಬು ಹಚ್ಚುತ್ತಿದ್ದೇವೆ, ಸರ್. ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಬಿಟ್ಟರೆ ಮತ್ತೆ ಬರುತ್ತದೆ, ಮೊದಲಿಗಿಂತ ದೊಡ್ಡದಾಗಿಯೇ ಬರುತ್ತದೆ" ಎಂದು ತಾಯಿಯವರು ಹೇಳಿದರು.

ಹಚ್ಚಿದರೆ ಹೋಗುವ ರೋಗವು ಬಿಟ್ಟೊಡನೆ ಮೊದಲಿಗಿಂತ ದೊಡ್ಡದಾಗಿ ಬರುವುದೇಕೆ? ಹಲವು ವರ್ಷ ವಿಜ್ಞಾನ ಬೋಧಿಸಿದ ನಮಗೂ ಆ ಕ್ಷಣದಲ್ಲಿ ಇದಕ್ಕೆ ನೇರವಾದ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು. ಈ ಪಾಠವು ಆ ಪ್ರಶ್ನೆಯಿಂದಲೇ ಹುಟ್ಟಿತು. ಆ ಬಾಲಕನ ಒಪ್ಪಿಗೆಯಿಂದಲೇ ಅವನ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ವಿಚಾರವನ್ನು ನೋಡೋಣ. ಉತ್ತರ ಕರ್ನಾಟಕದಲ್ಲಿಯೂ ಇಲ್ಲಿಯ ಮರಾಠಿಯಲ್ಲಿಯೂ ಗಜಕರ್ಣವೆನ್ನುವ ಈ ರೋಗವನ್ನು ಮೈಸೂರು ಸೀಮೆಯವರು ಹುಳುಕಡ್ಡಿಯೆನ್ನುತ್ತಾರೆ. ಇಂಗ್ಲಿಷಿನ 'ರಿಂಗ್‌ವರ್ಮ್' ಎಂಬ ಮಾತಿನಲ್ಲಿಯೂ ಹುಳುವೇ ಇದೆ. ವೈದ್ಯರು ಬಳಸುವ 'ಟಿನಿಯಾ' ಎಂಬ ಲ್ಯಾಟಿನ್ ಹೆಸರಿಗೆ ಉಣ್ಣೆಯ ಬಟ್ಟೆಯನ್ನು ತಿನ್ನುವ ನುಸಿಹುಳು ಎಂದರ್ಥ. ಹೀಗೆ ದೂರದೂರದ ಮೂರು ಭಾಷೆಗಳು ಒಂದೇ ಹುಳುವಿನ ಮೇಲೆ ಅಪವಾದ ಹೊರಿಸಿವೆ. ಆದರೆ ಈ ರೋಗದಲ್ಲಿ ಹುಳುವೆಂಬುದು ಇಲ್ಲವೇ ಇಲ್ಲ. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಇದು 'ದದ್ರು'. ಚರಕನು ಇದನ್ನು ಚರ್ಮರೋಗಗಳ ಪೈಕಿ ಕ್ಷುದ್ರ ವರ್ಗಕ್ಕೆ ಸೇರಿಸಿದರೆ ಸುಶ್ರುತನು ಮಹಾ ವರ್ಗಕ್ಕೆ ಸೇರಿಸಿದನು. ತುರಿಸಿಕೊಂಡು ನಿದ್ದೆಗೆಟ್ಟವರನ್ನು ಕೇಳಿದರೆ ಎಲ್ಲರೂ ಸುಶ್ರುತನ ಪಕ್ಷವನ್ನೇ ವಹಿಸಿಯಾರು.

ಹುಳುವಲ್ಲದಿದ್ದರೆ ಮತ್ತೇನು? ಇದನ್ನು ಕಂಡುಹಿಡಿಯುವ ದಾರಿ ಆರಂಭವಾದುದು ರೇಷ್ಮೆಹುಳುವಿನಿಂದ. ರಾಮನಗರ, ಚನ್ನಪಟ್ಟಣಗಳ ಕಡೆ ನಂಟರಿರುವವರು ರೇಷ್ಮೆಹುಳುಗಳಿಗೆ ಬರುವ ಸುಣ್ಣಕಟ್ಟು ರೋಗದ ಹೆಸರು ಕೇಳಿರಬಹುದು. ಸತ್ತ ಹುಳುವು ಸುಣ್ಣ ಬಳಿದಂತೆ ಬೆಳ್ಳಗಾಗಿ ಬಿರುಸಾಗುತ್ತದೆ. ಈ ರೋಗವು ಒಂದು ಸೂಕ್ಷ್ಮ ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯ ಸಸ್ಯಸದೃಶ ಜೀವಿಯಿಂದ, ಉಂಟಾಗುತ್ತದೆಂದು ಇಟಲಿಯ ಅಗಸ್ತೀನೊ ಬಾಸ್ಸಿ ಎಂಬಾತನು 1835ರಲ್ಲಿ ತೋರಿಸಿಕೊಟ್ಟನು. ಬರಿಗಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗೆ ರೋಗ ಬರುವುದೆಂದು ಪ್ರಯೋಗದಿಂದ ಸಿದ್ಧಪಡಿಸಿದವರಲ್ಲಿ ಅವನೇ ಮೊದಲಿಗನು. ಇದನ್ನು ಓದಿದ ಜರ್ಮನಿಯ ಷೋನ್‌ಲೈನನು ಮನುಷ್ಯನ ತಲೆಯ ಮೇಲೆ ಹಕ್ಕುಗಟ್ಟುವ ಒಂದು ರೋಗದಲ್ಲಿಯೂ ಅಂಥದೇ ಶಿಲೀಂಧ್ರವಿರುವುದನ್ನು 1839ರಲ್ಲಿ ಪ್ರಕಟಿಸಿದನು. ಪ್ಯಾರಿಸಿನಲ್ಲಿ ಡೇವಿಡ್ ಗ್ರೂಬಿ ಎಂಬ ವೈದ್ಯನು 1841ರಿಂದ ಮೊದಲ್ಗೊಂಡು ಮೂರು ನಾಲ್ಕು ವರ್ಷಗಳಲ್ಲಿ ಗಜಕರ್ಣದ ಬೇರೆ ಬೇರೆ ಬಗೆಗಳಲ್ಲಿರುವ ಶಿಲೀಂಧ್ರಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದನು. ಬರ್ಲಿನ್ನಿನ ರಾಬರ್ಟ್ ರೇಮಾಕನಂತೂ ತಲೆಯ ರೋಗದ ಹಕ್ಕಳೆಯನ್ನು ತನ್ನ ತೋಳಿಗೇ ಅಂಟಿಸಿಕೊಂಡು, ರೋಗವು ಅಲ್ಲಿ ಹತ್ತಿ ಬೆಳೆಯುವುದನ್ನು ತಾನೇ ನೋಡಿದನು. ವಿದ್ಯಾರ್ಥಿ ಮಿತ್ರರು ಇದನ್ನು ಅನುಕರಿಸಬಾರದು. ಆದರೆ ಒಂದು ಸತ್ಯವನ್ನು ತಿಳಿಯಲು ತನ್ನ ಚರ್ಮವನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡ ಆತನ ಧೈರ್ಯವನ್ನು ಮೆಚ್ಚದಿರಲಾಗದು.

ಇನ್ನು ಚರ್ಮದ ರಚನೆ. ನಮ್ಮ ಚರ್ಮದ ಅತ್ಯಂತ ಹೊರಗಿನ ಪದರವು ಜೀವವಿಲ್ಲದ ಚಪ್ಪಟೆಯಾದ ಕೋಶಗಳಿಂದಾದುದು. ಅವುಗಳಲ್ಲಿ ಕೆರಾಟಿನ್ ಎಂಬ ಗಟ್ಟಿಯಾದ ಪ್ರೋಟೀನು ತುಂಬಿರುತ್ತದೆ. ಉಗುರು, ಕೂದಲು, ದನದ ಕೊಂಬು, ಕುರಿಯ ಉಣ್ಣೆ ಇವೆಲ್ಲ ಅದೇ ಕೆರಾಟಿನ್ನಿನ ರೂಪಗಳು. ಹೆಚ್ಚಿನ ಜೀವಿಗಳಿಗೆ ಅರಗದ ಈ ವಸ್ತುವನ್ನು ಅರಗಿಸಿಕೊಂಡು ಬದುಕುವ ಶಕ್ತಿ ಮೂರು ಕುಲದ ಶಿಲೀಂಧ್ರಗಳಿಗೆ ವಿಶೇಷವಾಗಿ ಇದೆ. ಟ್ರೈಕೊಫೈಟಾನ್, ಮೈಕ್ರೊಸ್ಪೋರಂ, ಎಪಿಡರ್ಮೊಫೈಟಾನ್ ಎಂಬವು ಆ ಕುಲಗಳ ಹೆಸರುಗಳು. ಅವು ಸಾಮಾನ್ಯವಾಗಿ ಚರ್ಮದ ಜೀವಂತ ಪದರಗಳಿಗೆ ಇಳಿಯುವುದಿಲ್ಲ. ಮೇಲಿನ ಸತ್ತ ಪದರದಲ್ಲಿ ನೂಲಿನಂಥ ಎಳೆಗಳನ್ನು ಚಾಚಿಕೊಂಡು ಹರಡುತ್ತವೆ. ಕೆಂಪು, ಊತ, ತುರಿಕೆ ಇವು ಶಿಲೀಂಧ್ರದ ಕೆಲಸವಲ್ಲ; ಅದು ಹೊರಸೂಸುವ ವಸ್ತುಗಳ ವಿರುದ್ಧ ನಮ್ಮ ಶರೀರವು ಹೂಡುವ ಯುದ್ಧದ ಗುರುತುಗಳು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಆ ಬಾಲಕನ ಟ್ಯೂಬಿನ ರಹಸ್ಯವು ಇದರಲ್ಲಿಯೇ ಅಡಗಿದೆ.

ಕಲೆಯು ಉಂಗುರದಂತೆ ಏಕಿರಬೇಕು? ಇದನ್ನು ಮನೆಯಲ್ಲಿಯೇ ನೋಡಿ ತಿಳಿಯಬಹುದು. ಒಂದು ತುಂಡು ಬ್ರೆಡ್ಡಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಗಾಜಿನ ಶೀಶೆಯಲ್ಲಿಟ್ಟು ಮುಚ್ಚಳ ಬಿಗಿಯಿರಿ. ಇನ್ನೊಂದು ತುಂಡನ್ನು ಚೆನ್ನಾಗಿ ಒಣಗಿಸಿ ಬೇರೊಂದು ಶೀಶೆಯಲ್ಲಿಡಿರಿ. ನಾಲ್ಕಾರು ದಿನಗಳಲ್ಲಿ ಒದ್ದೆಯಾದ ತುಂಡಿನ ಮೇಲೆ ಬೂಷ್ಟಿನ ಚುಕ್ಕೆಗಳು ಕಾಣುತ್ತವೆ. ದಿನ ಕಳೆದಂತೆ ಪ್ರತಿಯೊಂದು ಚುಕ್ಕೆಯೂ ಎಲ್ಲ ದಿಕ್ಕಿಗೂ ಸಮನಾಗಿ ಬೆಳೆದು ಬಿಲ್ಲೆಯಂತಾಗುತ್ತದೆ. ಒಣಗಿದ ತುಂಡು ಬಹುಮಟ್ಟಿಗೆ ಇದ್ದ ಹಾಗೆಯೇ ಇರುತ್ತದೆ. (ಮುಚ್ಚಳ ತೆರೆಯಬಾರದು, ಮೂಸಬಾರದು, ಗಾಜಿನ ಹೊರಗಿನಿಂದಲೇ ನೋಡಿ, ಕೊನೆಗೆ ಶೀಶೆಯ ಸಮೇತ ಎಸೆಯಬೇಕು.) ಚರ್ಮದ ಮೇಲೆಯೂ ಶಿಲೀಂಧ್ರವು ಹೀಗೆಯೇ ನಡುವಿನಿಂದ ಹೊರಕ್ಕೆ ಬೆಳೆಯುತ್ತದೆ. ನಡುವಿನ ಭಾಗದಲ್ಲಿ ಶರೀರವು ಅದನ್ನು ಹೊಟ್ಟಿನೊಡನೆ ಉದುರಿಸಿ ಹಾಕಿರುತ್ತದೆ. ಅಂಚಿನಲ್ಲಿ ಮಾತ್ರ ಹೊಸ ಎಳೆಗಳು ಮುಂದೆ ಮುಂದೆ ಸಾಗುತ್ತಿರುತ್ತವೆ. ಆದುದರಿಂದ ಅಂಚು ಕೆಂಪಗೆ ಉಬ್ಬಿ, ನಡುವು ತಿಳಿಯಾಗಿ, ಉಂಗುರದ ಆಕಾರ ಬರುತ್ತದೆ. ಕಣ್ಣಿಗೆ ಕಾಣುವ ಅಂಚಿನ ಆಚೆಗೂ ಸ್ವಲ್ಪ ದೂರದವರೆಗೆ ಎಳೆಗಳು ಆಗಲೇ ಹೋಗಿರುತ್ತವೆ. ಅವು ಇನ್ನೂ ಕಾಣುವುದಿಲ್ಲ, ಅಷ್ಟೆ.

ಒಣ ಬ್ರೆಡ್ಡಿಗೂ ಒದ್ದೆ ಬ್ರೆಡ್ಡಿಗೂ ಇರುವ ಅಂತರವನ್ನು ಕಂಡವರಿಗೆ ಮುಂಬಯಿಯ ಮಳೆಗಾಲದ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ಬೆಳಿಗ್ಗೆ ನೆನೆದ ಕಾಲುಚೀಲವು ಸಂಜೆಯವರೆಗೆ ಕಾಲಿನಲ್ಲಿಯೇ ಇರುತ್ತದೆ. ಒಂದೇ ಕೋಣೆಯಲ್ಲಿ ಐದಾರು ಮಂದಿಯ ಬಟ್ಟೆ ಹಗ್ಗದ ಮೇಲೆ ಎರಡು ದಿನವಾದರೂ ಒಣಗದು. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಮೈಗೆ ಮೈ ತಾಗದೆ ನಿಲ್ಲಲು ಸ್ಥಳವೆಲ್ಲಿ? ಊರಿನಲ್ಲಿ ಗದ್ದೆಯ ಕೆಸರಿನಲ್ಲಿ ನಿಂತವರಿಗೂ ಈ ಬಾಧೆ ತಪ್ಪಿದ್ದಲ್ಲ. ಆದರೆ ಅಲ್ಲಿ ಸಂಜೆ ಅಂಗಿ ಕಳಚಿ ಜಗಲಿಯ ಗಾಳಿಗೆ ಕುಳಿತುಕೊಳ್ಳುವ ಅನುಕೂಲವಾದರೂ ಇದೆ. ಹೀಗಿರಲು ಗಜಕರ್ಣ ಬಂದವನು ಕೊಳಕನೆಂದು ಭಾವಿಸುವುದು ಅನ್ಯಾಯವೇ ಸರಿ. ದಿನಕ್ಕೆರಡು ಬಾರಿ ಸ್ನಾನ ಮಾಡಿ ಮೈ ಒರೆಸಿಕೊಳ್ಳದೆ ಅಂಗಿ ತೊಡುವವನಿಗೆ ಇದು ಬೇಗನೆ ಬಂದೀತು.

ಮುಲಾಮಿನ ಕಥೆಗೆ ಬರೋಣ. ಹಳೆಯ ಮದ್ದುಗಳು ಅನೇಕವಿದ್ದವು. ತುಳುನಾಡಿನವರು ತಜಂಕ್ ಎಂದು ತಿನ್ನುವ, ಇಲ್ಲಿಯ ಸಂತೆಯಲ್ಲಿ ಮಳೆಗಾಲದಲ್ಲಿ ಟಾಕಳಾ ಎಂದು ಮಾರುವ ತಗಚೆ ಸೊಪ್ಪಿಗೆ ಸಂಸ್ಕೃತದಲ್ಲಿ 'ದದ್ರುಘ್ನ' ಎಂದೇ ಒಂದು ಹೆಸರಿದೆ. ದದ್ರುವನ್ನು ಕೊಲ್ಲುವಂಥದು ಎಂದರ್ಥ. ಅದರ ದಾಯಾದಿಯಾದ ಸೀಮೆ ಅಗಸೆಯ ಎಲೆಯನ್ನು ಅರೆದು ಹಚ್ಚುವ ರೂಢಿಯೂ ಇದೆ. ಬ್ರೆಜಿಲ್ ದೇಶದ ಒಂದು ಮರದ ಕಾಂಡದ ಪೊಟರೆಯಲ್ಲಿ ಸಿಗುವ ಹಳದಿ ಪುಡಿಯನ್ನು ಪೋರ್ತುಗೀಜರು ಹಡಗಿನಲ್ಲಿ ಗೋವೆಗೆ ತಂದರು. ಅಲ್ಲಿಂದ ಅದು ಮುಂಬಯಿಯ ಪೇಟೆಗೆ ಬಂದು 'ಗೋವೆಯ ಪುಡಿ' ಎಂಬ ಹೆಸರಿನಿಂದ ಗಜಕರ್ಣದ ಮದ್ದಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಸಿದ್ಧವಾಯಿತು. ಗುಣವೇನೋ ಇತ್ತು. ಆದರೆ ಚರ್ಮವನ್ನು ಸುಡುತ್ತಿತ್ತು, ಬಟ್ಟೆಗೆ ಹೋಗದ ಕಲೆ ಹತ್ತುತ್ತಿತ್ತು, ಕಣ್ಣಿಗೆ ತಾಗಿದರೆ ಅಪಾಯವಿತ್ತು. ಬಳಿಕ ಲಂಡನ್ನಿನ ಚರ್ಮವೈದ್ಯ ಆರ್ಥರ್ ವಿಟ್‌ಫೀಲ್ಡನ ಹೆಸರಿನ ಮುಲಾಮು ಬಂದಿತು. ಅದರಲ್ಲಿ ನೂರಕ್ಕೆ 6 ಭಾಗ ಬೆಂಜೋಯಿಕ್ ಆಮ್ಲ, 3 ಭಾಗ ಸ್ಯಾಲಿಸಿಲಿಕ್ ಆಮ್ಲ. ಮೊದಲನೆಯದು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆ. ಎರಡನೆಯದು ಶಿಲೀಂಧ್ರವಿರುವ ಸತ್ತ ಪದರವನ್ನೇ ಸಡಿಲಿಸಿ ಉದುರಿಸುತ್ತದೆ. ಕಳ್ಳನನ್ನು ಹಿಡಿಯುವುದರ ಬದಲು ಅವನಿರುವ ಮನೆಯ ಗೋಡೆಯನ್ನೇ ಕೆಡವುವ ಉಪಾಯವಿದು. ಉರಿಯಾಗದಿರುವುದೇ?

ಶಿಲೀಂಧ್ರವನ್ನು ಮಾತ್ರ ಕೊಂದು ನಮ್ಮನ್ನು ಬಾಧಿಸದ ಔಷಧವನ್ನು ಹುಡುಕುವುದು ಏಕೆ ಅಷ್ಟು ಕಷ್ಟವಾಯಿತು? ಬ್ಯಾಕ್ಟೀರಿಯಗಳ ಕೋಶಕ್ಕೂ ನಮ್ಮ ಕೋಶಕ್ಕೂ ಬಹಳ ವ್ಯತ್ಯಾಸವಿದೆ. ಆದುದರಿಂದ ಅವುಗಳಿಗೆ ವಿಷವಾದುದು ನಮಗೆ ವಿಷವಾಗದಂತೆ ಆರಿಸುವುದು ಅಷ್ಟಾಗಿ ಕಷ್ಟವಲ್ಲ. ಶಿಲೀಂಧ್ರವಾದರೋ ಜೀವವೃಕ್ಷದಲ್ಲಿ ನಮಗೆ ಹತ್ತಿರದ ನಂಟ. ಅದರ ಕೋಶದಲ್ಲಿಯೂ ನಮ್ಮದರಂತೆಯೇ ಕೋಶಕೇಂದ್ರವಿದೆ. ಪೆನಿಸಿಲಿನ್ ಇದಕ್ಕೆ ತಾಗುವುದಿಲ್ಲ. ಪೆನಿಸಿಲಿನ್ ತಾನೇ ಒಂದು ಬೂಷ್ಟಿನಿಂದ ಹುಟ್ಟಿದುದಲ್ಲವೆ? ಆದರೆ ಒಂದು ಸಣ್ಣ ಭೇದವು ಸಿಕ್ಕಿತು. ನಮ್ಮ ಕೋಶದ ಹೊರಪೊರೆಯಲ್ಲಿ ಕೊಲೆಸ್ಟೆರಾಲ್ ಇರುತ್ತದೆ. ಶಿಲೀಂಧ್ರದ ಪೊರೆಯಲ್ಲಿ ಅದರ ಬದಲು ಎರ್ಗೊಸ್ಟೆರಾಲ್ ಎಂಬ ವಸ್ತುವಿರುತ್ತದೆ. ಇಂದಿನ ಮುಲಾಮುಗಳಲ್ಲಿ ಹೆಚ್ಚಿನವು ಈ ಒಂದು ಸಂದಿನಲ್ಲಿಯೇ ಕತ್ತಿಯನ್ನು ತೂರಿಸುತ್ತವೆ.

ಈ ಬಗೆಯ ಔಷಧಗಳಲ್ಲಿ ಮೊದಲು ಹೆಸರಾದ ನಿಸ್ಟಾಟಿನ್ನನ್ನು 1950ರಲ್ಲಿ ಲೋಕಕ್ಕೆ ತಿಳಿಸಿದವರು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯ ಇಲಾಖೆಯ ಇಬ್ಬರು ಮಹಿಳೆಯರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ ಇದ್ದುದರಿಂದ ಮಣ್ಣಿನ ಮಾದರಿಗಳೂ ಅದರಿಂದ ತೆಗೆದ ಸತ್ತ್ವಗಳೂ ಅಂಚೆಯ ಮೂಲಕವೇ ಅವರ ನಡುವೆ ಓಡಾಡಿದವು. ತಮ್ಮ ಸಂಸ್ಥಾನದ ಹೆಸರನ್ನೇ ಅವರು ಔಷಧಕ್ಕಿಟ್ಟರು. ಅದರಿಂದ ಬಂದ ಗೌರವಧನ ಒಂದು ಕೋಟಿ ಡಾಲರನ್ನು ಮೀರಿದರೂ ಅದನ್ನೆಲ್ಲ ಸಂಶೋಧನೆಗೇ ಬಿಟ್ಟುಕೊಟ್ಟರು.

ನಮಗೆ ಇನ್ನೂ ಸಮೀಪದ ಕಥೆಯೊಂದಿದೆ. ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ಥಾನ್ ಆ್ಯಂಟಿಬಯಾಟಿಕ್ಸ್ ಎಂಬ ಸರಕಾರಿ ಕಾರಖಾನೆ ಸ್ಥಾಪಿತವಾಯಿತು. ಅಲ್ಲಿಯ ಸಂಶೋಧನ ವಿಭಾಗದ ಮುಖ್ಯಸ್ಥರಾಗಿದ್ದವರು 1914ರಲ್ಲಿ ಕನ್ನಡನಾಡಿನಲ್ಲಿ ಜನಿಸಿ ಮೈಸೂರು, ಬೆಂಗಳೂರುಗಳಲ್ಲಿ ಓದಿದ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್ ಅವರು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯಿಂದ ಅವರೂ ಅವರ ಸಂಗಡಿಗರೂ ಶಿಲೀಂಧ್ರನಾಶಕವೊಂದನ್ನು ಪಡೆದರು. ಆ ಜೀವಿಗೆ ಊರಿನ ಹೆಸರಿನಿಂದ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂದೂ ಔಷಧಕ್ಕೆ ಕಾರಖಾನೆಯ ಹೆಸರಿನಿಂದ ಹ್ಯಾಮೈಸಿನ್ ಎಂದೂ ನಾಮಕರಣವಾಯಿತು. ಡರ್ಮೊಸ್ಟಾಟಿನ್ ಎಂಬುದು ಅವರದೇ ಇನ್ನೊಂದು ಶೋಧ. ನಿಸ್ಟಾಟಿನ್, ಹ್ಯಾಮೈಸಿನ್ ಎರಡೂ ಎರ್ಗೊಸ್ಟೆರಾಲಿಗೆ ಅಂಟಿಕೊಂಡು ಶಿಲೀಂಧ್ರದ ಪೊರೆಗೆ ತೂತು ಕೊರೆಯುವ ಜಾತಿಯವು. ಇಂದು ಗಜಕರ್ಣಕ್ಕೆ ಇವುಗಳ ಬಳಕೆಯಿಲ್ಲ. ನಿಸ್ಟಾಟಿನ್ ಅಂತೂ ಬಾಯಿಹುಣ್ಣು ಮುಂತಾದುವನ್ನು ತರುವ ಕ್ಯಾಂಡಿಡಾ ಎಂಬ ಬೇರೆ ಶಿಲೀಂಧ್ರಕ್ಕೆ ಸಲ್ಲುತ್ತದೆಯೇ ಹೊರತು ಗಜಕರ್ಣಕ್ಕಲ್ಲ. ಆದರೂ ಪುಣೆಯ ರೈಲಿನಲ್ಲಿ ಪಿಂಪ್ರಿ ನಿಲ್ದಾಣವನ್ನು ದಾಟುವಾಗ ಒಬ್ಬ ಕನ್ನಡಿಗನು ಅಲ್ಲಿ ಮಾಡಿದ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ನೆನೆಯಲಿ ಎಂಬುದು ನಮ್ಮ ಆಸೆ.

1960ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಕ್ಲೋಟ್ರಿಮಜೋಲ್, ಬೆಲ್ಜಿಯಮ್ಮಿನಲ್ಲಿ ಮೈಕೊನಜೋಲ್ ಹುಟ್ಟಿದವು. ಇವು ಪೊರೆಗೆ ತೂತು ಕೊರೆಯುವುದಿಲ್ಲ. ಎರ್ಗೊಸ್ಟೆರಾಲನ್ನು ತಯಾರಿಸುವ ಕೆಲಸವನ್ನೇ ಶಿಲೀಂಧ್ರದೊಳಗೆ ನಿಲ್ಲಿಸುತ್ತವೆ. ಇಟ್ಟಿಗೆಯೇ ಇಲ್ಲದ ಮೇಲೆ ಮನೆ ಬೆಳೆಯುವುದೆಂತು? 1991ರಲ್ಲಿ ಬಳಕೆಗೆ ಬಂದ ಟರ್ಬಿನಾಫಿನ್ ಅದೇ ತಯಾರಿಕೆಯ ಇನ್ನೂ ಮೊದಲಿನ ಹಂತವನ್ನು ತಡೆಯುತ್ತದೆ. ಇಲ್ಲೊಂದು ಅಂತರವನ್ನು ಗಮನಿಸಬೇಕು. ಟರ್ಬಿನಾಫಿನ್ ಸಾಮಾನ್ಯವಾಗಿ ಗಜಕರ್ಣದ ಶಿಲೀಂಧ್ರವನ್ನು ಕೊಲ್ಲುತ್ತದೆ. ಕ್ಲೋಟ್ರಿಮಜೋಲಿನ ಜಾತಿಯವು ಬಹುಮಟ್ಟಿಗೆ ಅದರ ಬೆಳವಣಿಗೆಯನ್ನು ನಿಲ್ಲಿಸಿ ಹಿಡಿಯುತ್ತವೆ. ಹಾಗೆ ಹಿಡಿದಿರುವಾಗ ಚರ್ಮವು ತನ್ನ ಹಳೆಯ ಪದರವನ್ನು ಉದುರಿಸಿ ಶಿಲೀಂಧ್ರವನ್ನು ಹೊರಹಾಕಬೇಕು.

ಇದರಿಂದಲೇ ಎಷ್ಟು ದಿನ ಹಚ್ಚಬೇಕೆಂಬುದು ತಿಳಿಯುತ್ತದೆ. ಚರ್ಮದ ತಳದಲ್ಲಿ ಹುಟ್ಟಿದ ಕೋಶವು ಮೇಲಕ್ಕೆ ಸರಿದು, ಸತ್ತು, ಹೊಟ್ಟಾಗಿ ಉದುರಲು ಸುಮಾರು 28 ದಿನ ಬೇಕು. ಮುಲಾಮು ಹಚ್ಚಿದ ನಾಲ್ಕೈದು ದಿನಗಳಲ್ಲಿ ತುರಿಕೆ ಕಡಿಮೆಯಾಗುತ್ತದೆ, ಹತ್ತು ಹನ್ನೆರಡು ದಿನಗಳಲ್ಲಿ ಕೆಂಪು ಇಳಿಯುತ್ತದೆ. ಆಗ ನಾವು "ಗುಣವಾಯಿತು" ಎಂದು ಟ್ಯೂಬನ್ನು ಕಿಟಕಿಯ ಮೇಲೆ ಎಸೆಯುತ್ತೇವೆ. ಆದರೆ ಹಳೆಯ ಪದರ ಇನ್ನೂ ಪೂರ್ತಿಯಾಗಿ ಉದುರಿಲ್ಲ, ಅದರಲ್ಲಿ ಎಳೆಗಳು ಇನ್ನೂ ಇವೆ. ಆದಕಾರಣ ಕ್ಲೋಟ್ರಿಮಜೋಲಿನಂಥ ಮುಲಾಮನ್ನು ದಿನಕ್ಕೆರಡು ಬಾರಿ ಎರಡರಿಂದ ನಾಲ್ಕು ವಾರ ಹಚ್ಚಬೇಕು. ಕಲೆ ಮಾಯವಾದಂತೆ ಕಂಡ ಮೇಲೆಯೂ ಒಂದೆರಡು ವಾರ ಬಿಡಬಾರದು. ಟರ್ಬಿನಾಫಿನ್ನಿನ ಅವಧಿಯನ್ನು ವೈದ್ಯರು ಹೇಳಿದಂತೆ ಪಾಲಿಸಬೇಕು.

ಹಚ್ಚುವ ಕ್ರಮವನ್ನೂ ಹೇಳಿಬಿಡೋಣ. ಮೊದಲು ಆ ಜಾಗವನ್ನು ತೊಳೆದು ಚೆನ್ನಾಗಿ ಒರೆಸಬೇಕು. ಒರೆಸುವ ಬಟ್ಟೆ ಬೇರೆಯೇ ಇರಲಿ. ಪೂರ್ತಿ ಒಣಗಿದ ಮೇಲೆ ಕಲೆಯ ಹೊರಗಿನಿಂದ ಆರಂಭಿಸಿ ಒಳಕ್ಕೆ ಬರುತ್ತ ತೆಳ್ಳಗೆ ಸವರಬೇಕು. ಅಂಚಿನಿಂದಾಚೆಗೆ ಸುಮಾರು 2 ಸೆಂಟಿಮೀಟರಿನಷ್ಟು ಒಳ್ಳೆಯ ಚರ್ಮಕ್ಕೂ ಹಚ್ಚಬೇಕು. ಕಾಣದ ಎಳೆಗಳು ಅಲ್ಲಿರುತ್ತವೆಂದು ಮೇಲೆಯೇ ಹೇಳಿದೆವು. ಆಮೇಲೆ ಕೈ ತೊಳೆಯಬೇಕು. ಕೈಗೇ ಹಚ್ಚಿದ್ದರೆ ಬೇರೆ ಮಾತು. ದಪ್ಪಗೆ ಮೆತ್ತಿದರೆ ಬೇಗ ಗುಣವಾಗುವುದಿಲ್ಲ, ಬಟ್ಟೆಗೆ ಗುಣವಾಗುತ್ತದೆ. ಮುಲಾಮಿನ ಮೇಲೆ ಕೂಡಲೆ ಬಿಗಿಯಾದ ಬಟ್ಟೆ ತೊಡಬಾರದು.

ಅಳತೆಗೊಂದು ಸುಲಭವಾದ ಲೆಕ್ಕವಿದೆ. ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲನೆಯ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮಿನಷ್ಟು ತೂಗುತ್ತದೆ. ಬೆರಳುಗಳೂ ಸೇರಿದಂತೆ ಎರಡು ಅಂಗೈಯಗಲದ ಚರ್ಮಕ್ಕೆ ಇದು ಸಾಕು. ಹಾಗಾದರೆ ಒಂದು ಅಂಗೈಯಗಲದ ಕಲೆಗೆ ಒಂದು ಬಾರಿಗೆ ಕಾಲು ಗ್ರಾಮು, ದಿನಕ್ಕೆರಡು ಬಾರಿಯೆಂದರೆ ಅರ್ಧ ಗ್ರಾಮು, ನಾಲ್ಕು ವಾರಕ್ಕೆ 14 ಗ್ರಾಮು. 15 ಗ್ರಾಮಿನ ಟ್ಯೂಬೊಂದು ತಿಂಗಳಿಗೆ ಮುಗಿಯಬೇಕು. ಅಂಗೈಯಷ್ಟು ಕಲೆಯಿದ್ದು ತಿಂಗಳ ಕೊನೆಗೆ ಟ್ಯೂಬು ಅರ್ಧ ಉಳಿದಿದ್ದರೆ, ಹಚ್ಚಿದೆನೆಂದು ಹೇಳಿದವನ ಮಾತನ್ನು ಗಣಿತವು ನಂಬುವುದಿಲ್ಲ.

ಈಗ ಆ ಬಾಲಕನ ಟ್ಯೂಬು. ತಾಯಿಯವರು ಮರುದಿನ ಅದನ್ನು ತಂದು ತೋರಿಸಿದರು. ಹಿಂಬದಿಯ ಸಣ್ಣಕ್ಷರಗಳನ್ನು ಭೂತಗನ್ನಡಿಯಿಂದ ಓದಬೇಕಾಯಿತು. ಅದರಲ್ಲಿ ಶಿಲೀಂಧ್ರನಾಶಕವೊಂದಿತ್ತು, ಬ್ಯಾಕ್ಟೀರಿಯನಾಶಕವೊಂದಿತ್ತು, ಜೊತೆಗೆ ಕ್ಲೋಬೆಟಸಾಲ್ ಎಂಬ ತೀವ್ರವಾದ ಸ್ಟೆರಾಯ್ಡ್ ಇತ್ತು. ಸ್ಟೆರಾಯ್ಡಿನ ಕೆಲಸವು ಶರೀರದ ಯುದ್ಧವನ್ನು ಅಡಗಿಸುವುದು. ಕೆಂಪು, ಊತ, ತುರಿಕೆ ಇವು ಯುದ್ಧದ ಗುರುತುಗಳೆಂದು ಆಗ ಹೇಳಿದ್ದೆವಷ್ಟೆ? ಯುದ್ಧ ನಿಂತೊಡನೆ ಅವೂ ನಿಲ್ಲುತ್ತವೆ. ರೋಗಿಗೆ ಹಾಯೆನಿಸುತ್ತದೆ. ಕಳ್ಳನು ಬಂದಾಗ ಬೊಗಳುವ ನಾಯಿಯ ಬಾಯಿಗೆ ಬಟ್ಟೆ ತುರುಕಿದರೆ ಮನೆಯವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ, ಕಳ್ಳನಿಗೂ ಅನುಕೂಲವಾಗುತ್ತದೆ. ಕಾವಲಿಲ್ಲದ ಚರ್ಮದಲ್ಲಿ ಶಿಲೀಂಧ್ರವು ತಡೆಯಿಲ್ಲದೆ ಹರಡುತ್ತದೆ. ಹಚ್ಚುವುದನ್ನು ಬಿಟ್ಟ ದಿನ ಶರೀರವು ಎಚ್ಚತ್ತು ನೋಡಿದರೆ ಹಿಂದೆ ಬಿಲ್ಲೆಯಷ್ಟಿದ್ದುದು ಈಗ ತಟ್ಟೆಯಷ್ಟಾಗಿರುತ್ತದೆ. ಮತ್ತೆ ತುರಿಕೆ, ಮತ್ತೆ ಅದೇ ಟ್ಯೂಬು. ತಾಯಿಯವರು ಹೇಳಿದ ಮಾತಿನ ಅರ್ಥ ನಮಗೆ ಆಗ ಸ್ಪಷ್ಟವಾಯಿತು. ಇನ್ನೂ ಕೇಡೆಂದರೆ, ಇಂಥ ಮುಲಾಮು ಬಹುಕಾಲ ತಾಗಿದ ಚರ್ಮವು ತೆಳ್ಳಗಾಗಿ ಒಳಗೇ ಹರಿದಂತೆ ಗೆರೆಗಳು ಬೀಳುತ್ತವೆ. ಉಂಗುರದ ಆಕಾರವೂ ಕೆಟ್ಟುಹೋಗುವುದರಿಂದ ನೋಡಿದ ವೈದ್ಯರಿಗೇ ಗುರುತು ಸಿಗದಂತಾಗುತ್ತದೆ.

ನಮ್ಮ ದೇಶದಲ್ಲಿ ಈ ಮಿಶ್ರ ಮುಲಾಮುಗಳು ಬಹುಕಾಲ ಚೀಟಿಯಿಲ್ಲದೆ ಸೋಪಿನಂತೆ ಮಾರಾಟವಾದವು. ಚರ್ಮವೈದ್ಯರ ಒತ್ತಾಯದ ಮೇಲೆ 2018ರಲ್ಲಿ ಸರಕಾರವು ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾದ 'ಎಚ್' ಅನುಸೂಚಿಗೆ ಸೇರಿಸಿತು. ನಿಯಮವಾದ ಮೇಲೆಯೂ ಆ ಬಾಲಕನಿಗೆ ಟ್ಯೂಬು ಸಿಕ್ಕಿದುದು ಹೇಗೆಂದು ನೀವು ಕೇಳಬಹುದು. ನಾವೂ ಕೇಳಿದೆವು. ಅಂಗಡಿಯವರು ನಕ್ಕರು. ಇತ್ತ ರೋಗವೂ ಬದಲಾಗುತ್ತಿದೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳದ ರೋಗಿಗಳಿಂದ ಪಡೆದ ಒಂದು ಶಿಲೀಂಧ್ರಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಹೊಸ ಹೆಸರಿಟ್ಟರು. ಟರ್ಬಿನಾಫಿನ್ ಔಷಧಕ್ಕೆ ಇದರ ಅನೇಕ ತಳಿಗಳು ಜಗ್ಗುವುದಿಲ್ಲ. ಸ್ಟೆರಾಯ್ಡ್ ಮಿಶ್ರಣಗಳ ಅತಿಬಳಕೆಯೂ ಅರ್ಧಕ್ಕೇ ಬಿಟ್ಟ ಚಿಕಿತ್ಸೆಯೂ ಇಂಥ ಹಟಮಾರಿ ಗಜಕರ್ಣ ಹಬ್ಬಲು ನೆರವಾದವೆಂದು ಅನೇಕ ಚರ್ಮವೈದ್ಯರು ಭಾವಿಸುತ್ತಾರೆ. ನಮ್ಮ ದೇಶದ ಹೆಸರು ಹೀಗೊಂದು ಬೂಷ್ಟಿಗೆ ಅಂಟಿಕೊಂಡುದು ಹೆಮ್ಮೆಯ ವಿಷಯವೇನಲ್ಲ.

ಆದುದರಿಂದ ಟ್ಯೂಬು ಕೈಗೆ ಬಂದೊಡನೆ ಹಿಂಬದಿಯನ್ನು ಓದಿರಿ. ಮನೆಯಲ್ಲಿ ಹಿರಿಯರಿಗೆ ಇಂಗ್ಲಿಷಿನ ಸಣ್ಣಕ್ಷರ ಓದಲಾಗದಿದ್ದರೆ ಓದಿ ಹೇಳುವ ಕೆಲಸ ನಿಮ್ಮದು. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಈ ಹೆಸರುಗಳಲ್ಲಿ ಒಂದು ಕಂಡರೂ ಅದನ್ನು ವೈದ್ಯರ ಮಾತಿಲ್ಲದೆ ಗಜಕರ್ಣಕ್ಕೆ ಹಚ್ಚಬಾರದು. ಈಗಾಗಲೇ ಬಹುದಿನ ಹಚ್ಚಿದ್ದರೆ ಬಚ್ಚಿಡದೆ ವೈದ್ಯರಿಗೆ ತೋರಿಸಬೇಕು.

ಮುಲಾಮೊಂದೇ ಸಾಲದ ಸಂದರ್ಭಗಳೂ ಇವೆ. ತಲೆಯ ಕೂದಲಿನ ಬುಡಕ್ಕೂ ಉಗುರಿನ ಒಳಕ್ಕೂ ಹೊಕ್ಕ ಶಿಲೀಂಧ್ರವನ್ನು ಮೇಲಿನ ಲೇಪವು ಸಾಮಾನ್ಯವಾಗಿ ಮುಟ್ಟಲಾರದು. ಅದಕ್ಕೆ ವೈದ್ಯರು ಹೊಟ್ಟೆಗೆ ಮಾತ್ರೆ ಕೊಡುತ್ತಾರೆ. ಮೈಯಲ್ಲಿ ಹಲವೆಡೆ ಹರಡಿದ್ದರೂ ಹಾಗೆಯೇ. ಮಧುಮೇಹವಿರುವ ಹಿರಿಯರು, ಎರಡು ವಾರ ಸರಿಯಾಗಿ ಹಚ್ಚಿದರೂ ಇಳಿಯದವರು, ಹಚ್ಚಿದೊಡನೆ ಬೊಬ್ಬೆಯೆದ್ದವರು, ಇವರೆಲ್ಲ ಆಸ್ಪತ್ರೆಗೆ ಹೋಗಬೇಕು. ಇದಲ್ಲದೆ ದುಂಡಗಿರುವ ಕಲೆಗಳೆಲ್ಲ ಗಜಕರ್ಣವಲ್ಲ. ಬಣ್ಣ ಮಾಸಿದ, ತುರಿಸದ, ಮುಟ್ಟಿದರೆ ಸ್ಪರ್ಶವೇ ತಿಳಿಯದ ಕಲೆಯಿದ್ದರೆ ಅದು ಕುಷ್ಠದ ಆರಂಭವಿದ್ದೀತು. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾದ, ಪೂರ್ಣ ಗುಣ ಕೊಡುವ ಔಷಧವಿದೆ. ಒಂದು ದಿನವೂ ತಡಮಾಡಬಾರದು. ಸಂದೇಹ ಬಂದಲ್ಲಿ ವೈದ್ಯರು ಕಲೆಯ ಅಂಚಿನ ಹೊಟ್ಟನ್ನು ಕೆರೆದು, ಕ್ಷಾರದ ದ್ರಾವಣದಲ್ಲಿ ನೆನೆಸಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಚರ್ಮದ ಕೋಶಗಳು ಕರಗಿ ತಿಳಿಯಾದಾಗ ಕವಲೊಡೆದ ನೂಲಿನಂತೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಗ್ರೂಬಿಯು ಪ್ಯಾರಿಸಿನಲ್ಲಿ ಕಂಡುದೂ ಇಂಥ ಎಳೆಗಳನ್ನೇ.

ಆ ಬಾಲಕನಿಗೆ ಆಸ್ಪತ್ರೆಯ ಚರ್ಮವಿಭಾಗದಲ್ಲಿ ಇದೇ ಪರೀಕ್ಷೆ ಮಾಡಿದರು. ಹಳೆಯ ಟ್ಯೂಬನ್ನು ಬಿಡಿಸಿ, ಹೊಟ್ಟೆಗೆ ಮಾತ್ರೆಯನ್ನೂ ಮೇಲಕ್ಕೆ ಸ್ಟೆರಾಯ್ಡಿಲ್ಲದ ಮುಲಾಮನ್ನೂ ಕೊಟ್ಟರು. ಮೊದಲ ವಾರ ತುರಿಕೆ ಹೆಚ್ಚೇ ಆಯಿತು; ನಾಯಿಯ ಬಾಯಿಂದ ಬಟ್ಟೆ ತೆಗೆದರೆ ಅದು ಬೊಗಳದೆ ಇದ್ದೀತೆ? ಅವನು ತಾಳಿಕೊಂಡನು. ತಿಂಗಳೆರಡರಲ್ಲಿ ಕಲೆಗಳು ಮಾಸಿದವು. ಆದರೆ ದೀಪಾವಳಿಯ ರಜೆ ಮುಗಿದು ಬರುವಷ್ಟರಲ್ಲಿ ಸೊಂಟದ ಬಳಿ ಒಂದು ಹೊಸ ಉಂಗುರ ಕಾಣಿಸಿತು. ವೈದ್ಯರು ಈ ಬಾರಿ ಅವನ ಚರ್ಮವನ್ನು ನೋಡುವ ಮೊದಲು ಮನೆಯ ವಿಚಾರ ಕೇಳಿದರು. ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಟವೆಲು, ಒಂದೇ ಹಾಸಿಗೆ. ಐದನೆಯ ಇಯತ್ತೆಯ ತಮ್ಮನ ಅಂಗಿಯೆತ್ತಿ ನೋಡಿದರೆ ಬೆನ್ನಿನ ಮೇಲೆ ಎರಡು ಉಂಗುರ! ಅಣ್ಣನು ಪಟ್ಟ ನಾಚಿಕೆಯನ್ನು ಕಂಡು ಅವನೂ ಬಾಯಿಬಿಟ್ಟಿರಲಿಲ್ಲ. ಅಂದಿನಿಂದ ಅವರ ತಾಯಿಯವರು ಇಬ್ಬರ ಒಳಬಟ್ಟೆ, ಟವೆಲು, ಹಾಸಿಗೆಯ ಬಟ್ಟೆಗಳನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು, ಬಿಸಿಲಿಲ್ಲದ ದಿನ ಒಳಮಗ್ಗುಲಿಗೆ ಇಸ್ತ್ರಿ ಎಳೆದು ಒಣಗಿಸತೊಡಗಿದರು. ಇಬ್ಬರಿಗೂ ಚಿಕಿತ್ಸೆ ಒಟ್ಟಿಗೆ ನಡೆದ ಮೇಲೆಯೇ ಆ ಮನೆಯಿಂದ ಗಜಕರ್ಣವು ಕಾಲು ತೆಗೆಯಿತು. ಅಣ್ಣನು ಈ ವರ್ಷ ಕವಾಯತಿನ ಸಾಲಿನಲ್ಲಿ ಮುಂದೆ ನಿಲ್ಲುತ್ತಾನೆ. ಸೊಂಟದ ಮೇಲಿನ ಬಿಳಿಯ ಗೆರೆಗಳು ಮಾತ್ರ ಹೋಗಿಲ್ಲ.